ಕೊಟ್ಟಿಗೆಯ ಘಾಟು, 15 ಕಿಲೋಮೀಟರ್ ಮೇಲೆ

ಮುಧೋಳ

ಯವ್ವಾ ಭಾಗಿ,

"ಅಪ್ಪಾ, 15 ಕಿಲೋಮೀಟರ್ ಮ್ಯಾಲೆ ಧೂಳ ಹೆಂಗ ಹೋಗ್ತದ?" ಅಂತ ಫೋನಿನಲ್ಲಿ ಕೇಳಿದೆಯಲ್ಲ. ನಿವೃತ್ತಿಯಾದರೂ ಮಾಸ್ತರಿಕೆ ಬಿಟ್ಟಿಲ್ಲ, ಬರೆದೇ ಹೇಳುತ್ತೇನೆ.

ಹೋಗುವುದು ಕಮ್ಮಿ. ಬಹಳಷ್ಟು ಕಣಗಳು ಅಲ್ಲೇ ಹುಟ್ಟುತ್ತವೆ. ಮೇಲೆ ಹೋಗುವುದು ಹೆಚ್ಚಾಗಿ ಅನಿಲ.

ನಮ್ಮ ಕೊಟ್ಟಿಗೆಯನ್ನೇ ತಗೋ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ದನದ ಉಚ್ಚೆಯ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರುತ್ತದಲ್ಲ, ಅದು ಅಮೋನಿಯಾ. ಕಬ್ಬಿಗೆ ಯೂರಿಯಾ ಚೆಲ್ಲಿ ನೀರು ಬಿಡುವುದು ತಡವಾದರೆ ಅಲ್ಲಿಂದಲೂ ಅದೇ ಹೊರಡುತ್ತದೆ (ದುಡ್ಡು ಕೊಟ್ಟು ತಂದದ್ದು ಹೀಗೆ ಹಾರಿಹೋಗುತ್ತದಲ್ಲ ಅಂತ ಹೊಟ್ಟೆ ಉರಿಯುತ್ತದೆ, ಇರಲಿ). ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹಾಗಾದರೆ ಮಳೆಯ ಜೊತೆ ಕೆಳಗೆ ಬರಬೇಕಲ್ವಾ? ಬಹುಪಾಲು ಬರುತ್ತದೆ. ಆದರೆ ಮುಂಗಾರಿನ ದೊಡ್ಡ ಗುಡುಗಿನ ಮೋಡಗಳು ಕೆಳಗಿನ ಗಾಳಿಯನ್ನು ಸೆಳೆದು 12-15 ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತವೆ, ದಾರಿಯಲ್ಲಿ ಹನಿ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವಾಗ ಒಳಗೆ ಕರಗಿದ್ದ ಅಮೋನಿಯಾದಲ್ಲಿ ಒಂದಿಷ್ಟು ಮತ್ತೆ ಹೊರಬೀಳುತ್ತದೆ.

ಅಲ್ಲಿ ಅದಕ್ಕೆ ಜೊತೆಗಾರರು ಸಿಗುತ್ತಾರೆ. ಸಿಡಿಲು ಮಿಂಚಿನಿಂದ ಗಾಳಿಯ ನೈಟ್ರೋಜನ್ ಆಕ್ಸಿಜನ್ ಕೂಡಿ, ಮುಂದೆ ಅದರಿಂದ ನೈಟ್ರಿಕ್ ಆಮ್ಲವಾಗುತ್ತದೆ. ಕಲ್ಲಿದ್ದಲಿನ ಹೊಗೆಯ ಗಂಧಕದಿಂದ ಸಲ್ಫ್ಯೂರಿಕ್ ಆಮ್ಲ. ಆ ಚಳಿಯಲ್ಲಿ ಅಣುಗಳು ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ, ಬಿಡಿಸಿಕೊಳ್ಳುತ್ತವೆ, ಮತ್ತೆ ಅಂಟುತ್ತವೆ. ಒಂದೆರಡು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ದಾಟಿದ ಗುಂಪು ಮಾತ್ರ ಉಳಿದು ಬೆಳೆಯುತ್ತದೆ. ನೆಲದ ಹತ್ತಿರದ ಸೆಕೆಗೆ ಅಮೋನಿಯಾ ಮತ್ತು ನೈಟ್ರಿಕ್ ಆಮ್ಲ ಕೂಡಿದ ಇಂಥ ಎಳೆಯ ಗುಂಪು ತಡೆಯುವುದಿಲ್ಲ, ಆವಿಯಾಗಿ ಬಿಡುತ್ತದೆ.

ಇದು ಸುಮ್ನೆ ಊಹೆ ಅಲ್ಲ. ಜಿನೀವಾ ಹತ್ತಿರದ ಸರ್ನ್ ಅನ್ನುವ ಭೌತಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಕ್ಲೌಡ್ ಅನ್ನುವ ಪ್ರಯೋಗ ನಡೆಯುತ್ತದೆ. ದೊಡ್ಡ ಸ್ಟೀಲ್ ಪೀಪಾಯಿಯೊಳಗೆ ಅಷ್ಟೇ ಚಳಿ ಮಾಡಿ ನೋಡಿದರು. ಅಮೋನಿಯಾ ಮತ್ತು ಆ ಎರಡು ಆಮ್ಲಗಳಲ್ಲಿ ಯಾವ ಎರಡು ಸೇರಿದರೂ ಹುಟ್ಟುವುದಕ್ಕಿಂತ ಮೂರೂ ಒಟ್ಟಿಗಿದ್ದಾಗ ಕಣಗಳು ಎಷ್ಟೋ ಪಟ್ಟು ಜಾಸ್ತಿ ಹುಟ್ಟಿದವು. 2022ರಲ್ಲಿ ಪ್ರಕಟಿಸಿದರು. ಮಳೆಗಾಲದಲ್ಲಿ ಏಷ್ಯಾದ ಮೇಲೆ, ಸುಮಾರು 13ರಿಂದ 18 ಕಿಲೋಮೀಟರ್ ನಡುವೆ ಕಣಗಳ ಪದರವೊಂದಿದೆ ಅಂತ ಉಪಗ್ರಹದ ಅಳತೆಯಿಂದ 2011ರಲ್ಲೇ ಗೊತ್ತಾಗಿತ್ತು. 2017ರಲ್ಲಿ ಕಠ್ಮಂಡುವಿನಿಂದ ಹಾರಿದ ಸಂಶೋಧನಾ ವಿಮಾನಕ್ಕೆ ಅಲ್ಲಿ ಅಮೋನಿಯಂ ನೈಟ್ರೇಟ್ (ಅಮೋನಿಯಾ ಮತ್ತು ನೈಟ್ರಿಕ್ ಆಮ್ಲ ಕೂಡಿದ ಲವಣ) ಸಿಕ್ಕಿತು. ಅದೂ ಒಂದು ಗೊಬ್ಬರವೇ, ನೋಡು!

ಇಷ್ಟು ಸಣ್ಣದರಿಂದ ಏನಾಗುತ್ತದೆ ಅಂತೀಯಾ? ಬೆಳೆದು 50-100 ನ್ಯಾನೋಮೀಟರ್ ಆದರೆ ಸಾಕು, ಅದರ ಮೇಲೆ ಮೋಡದ ಹನಿ ಕಟ್ಟುತ್ತದೆ.

ನಮ್ಮ ಎಮ್ಮೆಗಳದೇ ಅಮೋನಿಯಾ ಅಲ್ಲಿಗೆ ಹೋಯಿತು ಅಂತ ಸೆಮಿನಾರಿನಲ್ಲಿ ಹೇಳಿಬಿಡಬೇಡ, ಅಷ್ಟು ಪುರಾವೆ ನಮ್ಮ ಹತ್ತಿರ ಇಲ್ಲ. ನಿಮ್ಮವ್ವ ಕಟಕ ರೊಟ್ಟಿ ಕಟ್ಟಿಟ್ಟಿದ್ದಾಳೆ, ಶನಿವಾರ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ನಿನ್ನ ಅಪ್ಪ