ಬೂಟು ಉಜ್ಜಿ ಪೇಂಟ್ ಹಾಳಾಗದಿರಲಿ

ಗೆಳೆಯರೇ, ಮಳೆಗಾಲದ ರೈಡ್‌ಗೆ ಮೊದಲು ಎಲ್ಲರೂ ಒಮ್ಮೆ ಬೈಕಿನ ಸೈಡ್ ಪ್ಯಾನೆಲ್ ನೋಡಿಕೊಳ್ಳಿ. ಹಿಮ್ಮಡಿ ತಾಗುವ ಕಡೆ ಹೊಳಪು ಮಾಸಿದ್ದರೆ ಅದು ಬೂಟಿನದೇ ಕೆಲಸ. ಬರೀ ಚರ್ಮ ಅಷ್ಟು ಕೆಡಿಸುವುದಿಲ್ಲ. ಅದಕ್ಕೆ ಅಂಟಿದ ಕೆಸರು ಸ್ಯಾಂಡ್‌ಪೇಪರ್ ಥರ ಉಜ್ಜುತ್ತದೆ. ಬಕಲ್ ಇದ್ದರಂತೂ ಗೀರೇ ಬೀಳುತ್ತದೆ.

ಆ ಜಾಗಕ್ಕೆ ಮಾತ್ರ ಪಿಪಿಎಫ್ (ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್) ತುಂಡು ಅಂಟಿಸಿ. ಇಡೀ ಬೈಕಿಗೆ ಬೇಡ, ಸುಮ್ನೆ ದುಡ್ಡು ದಂಡ. ಮೊದಲು ಶಾಂಪೂ ನೀರಲ್ಲಿ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಪಾಲಿಶ್ ಜಿಡ್ಡು ತೆಗೆಯಿರಿ. ತುಂಡಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪಾಗಿದ್ದರೆ ಬೂಟು ತಾಗಿ ಬೇಗ ಏಳುತ್ತದೆ. ಸೋಪು ನೀರು ಚಿಮುಕಿಸಿ ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ನೀರು ಒತ್ತಿ ತೆಗೆಯಿರಿ. ಬಾಗಿದ ಕಡೆ ಹೇರ್ ಡ್ರೈಯರ್ ಹಿಡಿದರೆ ಫಿಲ್ಮ್ ಬಗ್ಗುತ್ತದೆ. ಒಂದೆರಡು ದಿನ ಬೈಕ್ ತೊಳೆಯಬೇಡಿ.

ಮ್ಯಾಟ್ (ಹೊಳಪಿಲ್ಲದ) ಪೇಂಟ್ ಇರುವವರು ಮ್ಯಾಟ್ ಫಿಲ್ಮೇ ಕೇಳಿ ತನ್ನಿ. ಗೀರು ಕಂಡಿತು ಅಂತ ರಬ್ಬಿಂಗ್ ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್) ಮಾತ್ರ ಮುಟ್ಟಿಸಬೇಡಿ. ಉಜ್ಜಿದ ಕಡೆ ಹೊಳಪು ಬರುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಇನ್ನೊಂದು ಮಾತು. ಹಿಂದೆ ಲಗೇಜ್ ಕಟ್ಟಿದಾಗ ಬೈಕ್ ಹತ್ತುವಾಗ ಕಾಲು ಸಾಕಷ್ಟು ಮೇಲೆ ಏಳುವುದಿಲ್ಲ, ಬೂಟು ಸೀಟಿನ ಹಿಂಭಾಗದ ಟೇಲ್ ಪ್ಯಾನೆಲ್‌ಗೆ ತಾಗೇ ತಾಗುತ್ತದೆ. ಅಲ್ಲಿಗೂ ಒಂದು ತುಂಡು ಹಾಕಿ. ಹಿಂದೆ ಕೂರುವವರಿಗೂ ನಿಧಾನ ಹತ್ತಲು ಹೇಳಿ.