ಪಾರ್ಕಿನಲ್ಲಿ ನನ್ನನ್ನು ಎಬ್ಬಿಸಿದ ಹುಡುಗಿಗೆ

ನನಗೀಗ 67. ಮಂಡಿನೋವಿಗೆ ಹೆದರಿ ಎರಡು ವರ್ಷ ಕೂತೇ ಕಳೆದಿದ್ದೆ. ಅವತ್ತು ಪಾರ್ಕಿನ ಬೆಂಚಿನಿಂದ ಏಳಲಾಗದೆ, ಮೊಮ್ಮಗನ ಎದುರೇ ಕಣ್ಣು ತುಂಬಿ ಬಂತು.

ನಡೆದು ಹೋಗುತ್ತಿದ್ದ ಹುಡುಗಿಯೊಬ್ಬಳು ನಿಂತಳು. ಫಿಸಿಯೋಥೆರಪಿ ಕೆಲಸವಂತೆ. ರಟ್ಟೆ ಹಿಡಿದು ಎಳೆಯಲಿಲ್ಲ, ಪಕ್ಕದಲ್ಲಿ ಕೂತಳು. "ಅಮ್ಮಾ, ಸ್ವಲ್ಪ ಮುಂದೆ ಸರೀರಿ. ಪಾದ ಹಿಂದಕ್ಕೆ ತಗೊಳ್ಳಿ. ಈಗ ಮುಂದೆ ಬಾಗಿ ಏಳಿ." ಅವಳ ಅಂಗೈ ನನ್ನ ಮೊಣಕೈ ಕೆಳಗೆ, ತಾಗದಷ್ಟು ದೂರದಲ್ಲೇ ಇತ್ತು. ಎರಡನೇ ಸಲಕ್ಕೆ ನಾನೇ ಎದ್ದೆ! ಆ ಕೈಯನ್ನು ನಾನು ಮರೆಯಲಾರೆ.

65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು, ಬೀಳದಿರಲು ಸಮತೋಲನದ ವ್ಯಾಯಾಮ ವಾರಕ್ಕೆ ಮೂರು ದಿನ ಬೇಕು ಎಂದಳು. ನನ್ನ ಮುಖ ನೋಡಿ, "ನಾಳೆಗೆ ಹತ್ತೇ ನಿಮಿಷ ಸಾಕು, ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ" ಅಂತ ಸೇರಿಸಿದಳು. ಹೊರಡುವ ಮುಂಚೆ ಬಗ್ಗಿ ನನ್ನ ಶೂ ಲೇಸನ್ನೂ ಬಿಗಿದಳು.

ನಾಲ್ಕು ತಿಂಗಳಾಯಿತು. ಈಗ ದಿನಾ ಇಪ್ಪತ್ತೈದು ನಿಮಿಷ ನಡೆಯುತ್ತೇನೆ. ಹೆಸರು ಕೇಳಲು ಮರೆತೆ ಮಗಳೇ, ಇದು ನಿನಗೆ ತಲುಪಲಿ.