ಗೆಳೆಯನಿಗೊಂದು ಪತ್ರ: “ಈ ಅಲ್ರೀ ಸರ್, ಉ!”

ಪ್ರೀತಿಯ ದೋಸ್ತ,

ಹೇಗಿದ್ದೀಯ? ಇಲ್ಲಿ ನಾವೆಲ್ಲ ಆರಾಮ. ದಸರಾ ರಜೆ ಶುರುವಾಗಿ ಎರಡು ದಿನ ಆಯ್ತು. ನಮ್ಮ ಬಸವನ ಬಾಗೇವಾಡಿ ಕಡೆ ಈಗ ಎಲ್ಲಿ ನೋಡಿದರೂ ಉಳ್ಳಾಗಡ್ಡಿ ಗದ್ದಲ. ಶಾಲೆಗೆ ಹೋಗುವ ದಾರಿಯಲ್ಲೇ ರಾಶಿ ಹಾಕಿಕೊಂಡು, ಹೆಣ್ಣುಮಕ್ಕಳು ತಪ್ಪಲು ಕೊಯ್ಯುತ್ತ ಕೂತಿರುತ್ತಾರೆ. ಆ ವಾಸನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮುಂದೆ ಉಳ್ಳಾಗಡ್ಡಿ ಮಾತು ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡ.

ಹೋದ ತಿಂಗಳು ಫೋನಿನಲ್ಲಿ ನೀನು ಒಂದು ಮಾತು ಕೇಳಿದ್ದೆ. ಮಗಳ ಶಾಲೆಯವರು ‘ಚಟುವಟಿಕೆ ಆಧಾರಿತ ಕಲಿಕೆ’ ಅಂತ ಬಣ್ಣಬಣ್ಣದ ಪುಸ್ತಿಕೆ ಕೊಟ್ಟರು, ಅದಕ್ಕೆ ಬೇರೆ ಫೀ ತೊಗೊಂಡರು, ನಿಮ್ಮ ಸರ್ಕಾರಿ ಶಾಲೆಯಲ್ಲಿ ಇಂಥದ್ದೆಲ್ಲ ಇದೆಯಾ, ಇಲ್ಲಾ ಇನ್ನೂ ನಮ್ಮ ಕಾಲದ ಹಾಗೆ ಮಗ್ಗಿ ಒದರಿಸ್ತೀರಾ ಅಂತ. ಆಗ ನಾನು ಬಸ್ಸಿನಲ್ಲಿ ನಿಂತಿದ್ದೆ, ನಕ್ಕು ಸುಮ್ಮನಾದೆ. ಈಗ ಪುರಸೊತ್ತಿದೆ, ಹೇಳುತ್ತೇನೆ.

ಮೊದಲು ಮಗ್ಗಿಯ ಮಾತು ಮುಗಿಸಿಬಿಡೋಣ. ಒದರಿಸುತ್ತೇನಪ್ಪ. ಮಕ್ಕಳು ಮಗ್ಗಿ ಒದರದ ದಿನ ನನಗೇ ಉಂಡಂಗೆ ಆಗುವುದಿಲ್ಲ.

ಇನ್ನು ಚಟುವಟಿಕೆ. ನಮ್ಮಲ್ಲಿ ಅದಕ್ಕೆ ನಲಿ ಕಲಿ ಅನ್ನುತ್ತೇವೆ. ಇದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಮಾಸ್ತರರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಹಳ್ಳಿ ಮಕ್ಕಳು ಕಾರ್ಡು ಹಿಡಿದುಕೊಂಡು ತಾವೇ ಕಲಿಯುವುದನ್ನು ನೋಡಿ ಬಂದರು. ಬಂದವರೇ ಕನ್ನಡದ ಕಾರ್ಡು ತಯಾರು ಮಾಡಿದರು. ಯುನಿಸೆಫ್ ನೆರವು ಇತ್ತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಮ್ಮಂಥ ಮಾಸ್ತರರು ಮಾಡಿದ್ದು ಅನ್ನೋದೇ ನನಗೆ ಇದರಲ್ಲಿ ಇಷ್ಟವಾದ ಸಂಗತಿ.

ನನ್ನ ಕೋಣೆ ಹೇಗಿದೆ ಅಂದರೆ, ಒಂದು, ಎರಡು, ಮೂರನೇ ತರಗತಿ ಮಕ್ಕಳೆಲ್ಲ ಒಟ್ಟಿಗೆ ನೆಲದ ಮೇಲೆ. ನಾನೂ ನೆಲದ ಮೇಲೆ. (ಮಂಡಿನೋವಿನ ಎಣ್ಣೆ ಒಳ್ಳೆಯದಿದ್ದರೆ ಹೇಳು.) ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಒಂದು ಚಿತ್ರದ ಗುರುತು. ಮಗು ಬಂದು ತಾನು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿಕೊಂಡು, ಆ ಕಾರ್ಡು ತೊಗೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಊಟದ ತಟ್ಟೆ ಅಲ್ಲ, ಗುಂಪಿಗೆ ನಾವು ತಟ್ಟೆ ಅನ್ನುತ್ತೇವೆ. ಅಂಥವು ಐದು. ಒಂದನೇ ತಟ್ಟೆಯವರ ಜೊತೆ ನಾನು ಪೂರ್ತಿ ಕೂರಬೇಕು. ಐದನೇ ತಟ್ಟೆಯವರು ತಾವೇ ಮಾಡಿಕೊಳ್ಳುತ್ತಾರೆ. ನಡುವಿನವರಿಗೆ ಅಷ್ಟು ನಾನು, ಇಷ್ಟು ಜೊತೆಯ ಮಕ್ಕಳು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಬಿಡಿಸಿದ ಚಿತ್ರ ತೂಗುಬಿಟ್ಟಿರುತ್ತೇವೆ. ಒಂದು ಹವಾಮಾನ ನಕ್ಷೆ ಬೇರೆ ಇದೆ, ದಿನಾ ಒಬ್ಬರು ಎದ್ದು ಇವತ್ತು ಬಿಸಿಲೋ ಮೋಡವೋ ಮಳೆಯೋ ಅಂತ ಗುರುತು ಮಾಡಬೇಕು. ನಮ್ಮ ವಿಜಯಪುರ ಜಿಲ್ಲೆ ನಿನಗೆ ಗೊತ್ತಲ್ಲ. ಸೂರ್ಯನ ಚಿತ್ರ ಸವೆದು ಹರಿದೇ ಹೋಯ್ತು. ಮಳೆಯದ್ದು ಹೊಸದರ ಹಾಗೇ ಇದೆ.

ಅಕ್ಷರ ಕಲಿಸುವುದೂ ನಮ್ಮ ಕಾಲದಂತಲ್ಲ. ನಾನು ನಲಿ ಕಲಿ ತರಗತಿ ತೊಗೊಂಡಾಗ ಮೊದಲು ಕಲಿಸಿದ್ದು ಅ ಆ ಇ ಈ ಅಲ್ಲ. ರ ಗ ಸ ದ ಅ. ಒಬ್ಬ ಅಜ್ಜ ಬಾಗಿಲಲ್ಲಿ ನಿಂತು, “ಇದೆಂಥಾ ಓದ್ರೀ ಮಾಸ್ತರ್ರ, ತಲಿ ಇಲ್ಲ ಬುಡ ಇಲ್ಲ” ಅಂದಿದ್ದ. ಆದರೆ ಈ ಐದೇ ಅಕ್ಷರ ಬಂದರೆ ಸಾಕು, ಮಗು ಆ ವಾರವೇ ಸರ, ದರ, ಅರಸ, ಅಗಸ, ಸರಸರ, ಗರಗರ ಎಲ್ಲ ಓದುತ್ತದೆ. ಗುಣಿತ ಬೇಡ, ಒತ್ತು ಬೇಡ. ಆ ಅಜ್ಜನ ಮೊಮ್ಮಗಳು ಮನೆಯಲ್ಲಿ ‘ಸರಸರ’ ಅಂತ ಬಾಗಿಲ ಮೇಲೆಲ್ಲ ಬರೆದಿಟ್ಟ ಮೇಲೆ ಅಜ್ಜ ಮತ್ತೆ ಬರಲಿಲ್ಲ.

ಇಷ್ಟಾದರೂ ನನಗೆ ಈ ವರ್ಷ ಪಾಠ ಕಲಿಸಿದ್ದು ನಾನೇ ಮಾಡಿದ ಒಂದು ತಪ್ಪು.

ಕಾರ್ಡುಗಳು ಕೈಯಿಂದ ಕೈಗೆ ಹೋಗಿ ಹರಿಯುತ್ತವೆ. ಜುಲೈನಲ್ಲಿ ಒಂದು ಭಾನುವಾರ ಡ್ರಾಯಿಂಗ್ ಶೀಟ್ ತಂದು ನಾನೇ ಒಂದಷ್ಟು ಹೊಸ ಕಾರ್ಡು ಬರೆದೆ. ಚಿತ್ರ ನೋಡಿ ಮೊದಲ ಅಕ್ಷರ ಹೇಳುವ ಆಟ. ‘ಈ’ ಅಕ್ಷರಕ್ಕೆ ಏನು ಬಿಡಿಸಲಿ ಅಂತ ಯೋಚನೆ ಮಾಡಿ ಈರುಳ್ಳಿ ಬಿಡಿಸಿದೆ. ಚೆನ್ನಾಗೇ ಬಂದಿತ್ತು, ಬೇರಿನ ಕೂದಲು ಸಹಿತ. ಸೋಮವಾರ ಒಂದನೇ ತರಗತಿಯ ಹುಡುಗನೊಬ್ಬನ ಮುಂದೆ ಹಿಡಿದೆ.

“ಉ” ಅಂದ.

“ಸರಿಯಾಗಿ ನೋಡು.”

ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ. “ಉ ರೀ ಸರ್. ಉಳ್ಳಾಗಡ್ಡಿ.”

“ಇದು ಈರುಳ್ಳಿ. ಈ.”

“ಈ ಅಲ್ರೀ ಸರ್, ಉ!” ಅಂದವನು, ನಾನು ಸುಮ್ಮನೆ ನಿಂತಿದ್ದು ನೋಡಿ ಮೆಲ್ಲಗೆ ಕೇಳಿದ, “ಈರುಳ್ಳಿ ಅಂದ್ರ ಯಾರ್ರೀ ಸರ್?”

ಏನು ಅಂತ ಅಲ್ಲ, ಯಾರು ಅಂತ ಕೇಳಿದ ನೋಡು. ಯಾರೋ ಊರ ಹೆಣ್ಣುಮಗಳ ಹೆಸರು ಅಂದುಕೊಂಡಿದ್ದ! ಅವನ ಅಪ್ಪ ಎರಡು ಎಕರೆ ಉಳ್ಳಾಗಡ್ಡಿ ಹಾಕುವವನು. ನಾನೇನು ಮಂಡ್ಯದಿಂದ ಬಂದವನಾ? ಇದೇ ಜಿಲ್ಲೆಯವನು. ಹುಟ್ಟಿದಾಗಿನಿಂದ ಮನೆಯಲ್ಲಿ ಒಂದು ದಿನ ಈರುಳ್ಳಿ ಅಂದವನಲ್ಲ. ಪೆನ್ನು ಹಿಡಿದ ಕೂಡಲೇ ಕೈಗೆ ಅದೇ ಬಂತು.

ಅಷ್ಟರಲ್ಲಿ ಪಕ್ಕದ ತಟ್ಟೆಯಿಂದ ಎರಡನೇ ತರಗತಿಯ ಹುಡುಗಿಯೊಬ್ಬಳು, “ಕ ಅದು, ಕಾಂದಾ” ಅಂದಳು. ಅವಳು ತಾಂಡಾದವಳು. ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಾಳೆ. ಬರುವುದು ಮಾರ್ಚ್ ಹೊತ್ತಿಗೆ. ಅಲ್ಲಿ ಅಂಗಡಿಗೆ ಸಾಮಾನು ತರಲು ಕಳಿಸುವುದು ಇವಳನ್ನೇ. ಹಾಗಾಗಿ ಮರಾಠಿಯ ಕಾಂದಾ.

ಈ ಹುಡುಗಿಯ ವಿಷಯದಲ್ಲಿ ಮಾತ್ರ ಏಣಿಗೆ ನಾನು ಕೈಮುಗಿಯುತ್ತೇನೆ. ನಮ್ಮ ಕಾಲದಲ್ಲಾಗಿದ್ದರೆ ಅವಳು ತಿರುಗಿ ಬರುವಷ್ಟರಲ್ಲಿ ಪುಸ್ತಕ ಕೊನೆಯ ಪಾಠಕ್ಕೆ ಬಂದಿರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂರಿಸಿ ‘ದಡ್ಡಿ’ ಅಂತ ಹೆಸರಿಟ್ಟು ಮುಗಿಸುತ್ತಿದ್ದರು. ಇಲ್ಲಿ ಹಾಗಲ್ಲ. ನವೆಂಬರಿನಲ್ಲಿ ಯಾವ ಮೆಟ್ಟಿಲಲ್ಲಿ ಬಿಟ್ಟಿದ್ದಳೋ ಮಾರ್ಚಿನಲ್ಲಿ ಬಂದು ಅಲ್ಲೇ ಕಾಲಿಡುತ್ತಾಳೆ. ಬಂದ ದಿನ ಅವಳು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಚಪ್ಪಲಿ ಬಿಟ್ಟವಳೇ ಗೋಡೆಯ ಹತ್ತಿರ ಹೋಗಿ, ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕಿದಳು. ಸಿಕ್ಕ ಮೇಲೆ ತಿರುಗಿ ನನ್ನ ಮುಖ ನೋಡಿದಳು. ಮತ್ತೆ ಹೋಗುವುದು ತಪ್ಪುವುದಿಲ್ಲ, ಈ ವರ್ಷವೂ ದೀಪಾವಳಿ ಹತ್ತಿರ ಬರುತ್ತಿದೆ. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಹೋಗಿ ಅಂತ ಅವಳ ಅವ್ವನಿಗೆ ಹೇಳಿ ನೋಡಿದೆ. “ಸಣ್ಣ ಕೂಸಿನ್ನ ಯಾರು ಹಿಡೀಬೇಕ್ರೀ ಸರ್ರ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ಕಾರ್ಡಿನ ಕತೆಗೆ ಬರುತ್ತೇನೆ. ಅದನ್ನು ಹರಿದು ಹಾಕಲಿಲ್ಲ. ಚಿತ್ರದ ಕೆಳಗೆ ಈ, ಉ, ಕ ಮೂರನ್ನೂ ಬರೆದು ಗೋಡೆಗೆ ಹಚ್ಚಿದೆ. ಮರುದಿನದಿಂದ ಮಕ್ಕಳಿಗೆ ಇದೇ ಹುಚ್ಚು. ಒಂದು ದೊಡ್ಡ ಹಾಳೆಯಲ್ಲಿ ‘ಮನಿ ಹೆಸರು’, ‘ಪುಸ್ತಕದ ಹೆಸರು’ ಅಂತ ಗೆರೆ ಎಳೆದೆವು. ಶೇಂಗಾ ಈ ಕಡೆ, ಕಡಲೆಕಾಯಿ ಆ ಕಡೆ. ಛತ್ರಿ, ಕೊಡೆ. ಕಸಬರಿಗೆ, ಪೊರಕೆ. ಗಜ್ಜರಿ ಎದುರು ಕ್ಯಾರೆಟ್ ಬರೆದಾಗ ಒಬ್ಬಳು, “ಕ್ಯಾರೆಟ್ ಕನ್ನಡ ಐತೇನ್ರೀ?” ಅಂತ ಕೇಳಿದಳು. ಅದಕ್ಕೂ ಉತ್ತರ ಇರಲಿಲ್ಲ, ಬಿಡು. ಬದನೀಕಾಯಿ, ಬದನೆಕಾಯಿ ನೋಡಿ ಮೂರನೇ ತರಗತಿಯವನೊಬ್ಬ, “ಇದು ಎರಡೂ ಒಂದ ಐತ್ರಿ, ನಡುವ ಅಷ್ಟ ಬ್ಯಾರೆ” ಅಂದ. ಇದನ್ನೇ ಹೇಳಲು ನಮಗೆ ಕಾಲೇಜಿನಲ್ಲಿ ಒಂದು ಇಡೀ ಪಾಠ ಇತ್ತು, ನೆನಪಿದೆಯಾ?

ನಮ್ಮ ಹೆಡ್ ಅಕ್ಕೋರಿಗೆ ಮಾತ್ರ ಇದು ಅಷ್ಟು ಹಿಡಿಸಲಿಲ್ಲ. “ನಾಳೆ ಪರೀಕ್ಷಾದಾಗ ಉಳ್ಳಾಗಡ್ಡಿ ಅಂತ ಬರದ್ರ ಮಾರ್ಕ್ಸ್ ಯಾರು ಕೊಡ್ತಾರ್ರೀ ಸರ್?” ಅಂದರು. ಅವರ ಮಾತೂ ಸುಳ್ಳಲ್ಲ. ಪುಸ್ತಕದ ಕನ್ನಡ ಬೇಡ ಅನ್ನುವವರ ಗುಂಪಿಗೆ ನಾನೂ ಸೇರಿದವನಲ್ಲ. ಅದು ಬರದಿದ್ದರೆ ಈ ಮಕ್ಕಳು ಮುಂದೆ ಎಲ್ಲೂ ನಿಲ್ಲಲಾರರು. ಆದರೆ ಮೊದಲನೇ ದಿನವೇ “ನಿನಗೆ ಗೊತ್ತಿರೋದು ತಪ್ಪು” ಅಂತ ಶುರು ಮಾಡಿದರೆ ಆ ಮಗು ಎರಡನೇ ಸಲ ಬಾಯಿ ಬಿಡುವುದಿಲ್ಲ.

ಲೆಕ್ಕದಲ್ಲೂ ಇದೇ ಆಯ್ತು. ನಾಲ್ಕು, ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. ಲೆಕ್ಕದ ಮಣಿಕಟ್ಟು (ಅಬ್ಯಾಕಸ್), ಸ್ಥಾನಬೆಲೆ ಪಟ್ಟಿ, ಗಡಿಯಾರ, ಆಟದ ನೋಟು, ಎಲ್ಲ ಇರುತ್ತದೆ. ಮೊದಲು ನಾನಿದ್ದ ಒಂದು ಶಾಲೆಯಲ್ಲಿ ಆ ಕಿಟ್ ಬೀರುವಿನಿಂದ ಹೊರಗೇ ಬರಲಿಲ್ಲ. ಒಂದು ಮಣಿ ಕಳೆದರೆ ಲೆಕ್ಕ ಯಾರು ಕೊಡಬೇಕು ಅಂತ! ಇಲ್ಲಿ ತೆಗೆದಿದ್ದೇವೆ. ಸಾಲದ್ದಕ್ಕೆ ತೊಗರಿ ಕಟ್ಟಿಗೆ ಕತ್ತರಿಸಿ ಹತ್ತತ್ತರ ಕಟ್ಟು ಕಟ್ಟಿಕೊಂಡಿದ್ದೇವೆ. 42ರಲ್ಲಿ 17 ಕಳೆ ಅಂದರೆ, ಎರಡರಲ್ಲಿ ಏಳು ಹೋಗದಾಗ ಒಂದು ಕಟ್ಟಿನ ದಾರ ಬಿಚ್ಚಬೇಕು. ‘ಕೈ ಸಾಲ’ ಅಂತ ನಮಗೆ ಬಾಯಿಪಾಠ ಮಾಡಿಸಿದ್ದರಲ್ಲ, ಅದೇ. ಇವರು ಸಾಲ ತರುವುದಿಲ್ಲ, ಗಂಟು ಬಿಚ್ಚುತ್ತಾರೆ.

ರಜೆಗೆ ಮುಂಚಿನ ವಾರ ನಾಲ್ಕನೇ ತರಗತಿಗೆ ಹಲಗೆ ಮೇಲೆ ಒಂದು ಲೆಕ್ಕ ಹಾಕಿದೆ. ಕಿಲೋಗೆ 18 ರೂಪಾಯಿಯಂತೆ 350 ಕಿಲೋಗೆ ಎಷ್ಟು? ಒಬ್ಬ ಎದ್ದು ಬಂದು ಮಾಡಿದ. ಎಂಟರಿಂದ ಗುಣಿಸಿ 2,800. ಒಂದರಿಂದ ಗುಣಿಸಿ 350. ಎರಡನೆಯದನ್ನು ಒಂದು ಮನೆ ಸರಿಸಿ ಬರೆಯಲಿಲ್ಲ. ಕೂಡಿಸಿ 3,150 ಅಂದ. ತಪ್ಪು ಅಂತ ಹೇಳಲಿಲ್ಲ. ಅವನ ಅಪ್ಪ ಉಳ್ಳಾಗಡ್ಡಿ ತೊಗೊಂಡು ಎಪಿಎಂಸಿಗೆ ಹೋಗುವಾಗ ಇವನೂ ಟ್ರ್ಯಾಕ್ಟರ್ ಹತ್ತಿರುತ್ತಾನೆ ಅಂತ ಗೊತ್ತಿತ್ತು.

“ಏಳು ಚೀಲ ಒಯ್ದೀರಿ ಅಂತ ತಿಳಿ. ಚೀಲಕ್ಕ ಐವತ್ತು ಕಿಲೋ. ಕ್ವಿಂಟಲ್‌ಗೆ ಸಾವಿರದ ಎಂಟುನೂರು. ಎಷ್ಟು ಬರ್ತೈತಿ?”

ಸೀಮೆಸುಣ್ಣ ಮುಟ್ಟಲಿಲ್ಲ. ಕಣ್ಣು ಮೇಲೆ ಮಾಡಿದ. “ಆರು ಚೀಲಂದ್ರ ಮೂರು ಕ್ವಿಂಟಲ್, ಐದು ಸಾವಿರದ ನಾಕನೂರು. ಇನ್ನೊಂದು ಚೀಲದ್ದು ಒಂಬೈನೂರು. ಆರು ಸಾವಿರದ ಮುನ್ನೂರ್ರೀ. ಅದ್ರಾಗ ಹಮಾಲಿ ಅಂತ ರೊಕ್ಕ ಮುರೀತಾರ.”

“ಏಳು ಚೀಲ ಅಂದ್ರ ಎಷ್ಟು ಕಿಲೋ?”

“ಮುನ್ನೂರಾ ಐವತ್...” ಅಂದವನು ಹಲಗೆಯ ಕಡೆ ತಿರುಗಿದ. 3,150 ಅಲ್ಲೇ ಇತ್ತು. ಬಹಳ ಹೊತ್ತು ನೋಡಿದ. ಆಮೇಲೆ, “ಸರ್, ಹಲಗಿ ಮ್ಯಾಲಿನ ದಲಾಲಿ ಭಾಳ ಮುರದಾನ್ರೀ. ಅರ್ಧಕ್ಕರ್ಧ!” ಅಂದ. ಇಡೀ ಕೋಣೆ ನಕ್ಕಿತು. ದಲಾಲಿ ಎಲ್ಲಿ ಮುರಿದ ಅಂತ ಹುಡುಕಲು ಕಟ್ಟಿಗೆ ಕಟ್ಟು ತಂದೆವು. ಹದಿನೆಂಟರಲ್ಲಿರೋ ಒಂದು, ಒಂದಲ್ಲ, ಒಂದು ಕಟ್ಟು ಅಂತ ಅವನೇ ಕಂಡುಹಿಡಿದ. ಈಗ ನಮ್ಮ ತರಗತಿಯಲ್ಲಿ ಮನೆ ಸರಿಸುವುದು ಮರೆತರೆ “ದಲಾಲಿ ಬಂದ” ಅನ್ನುತ್ತಾರೆ.

ಭಿನ್ನರಾಶಿಯೂ ಹಾಗೆಯೇ. ಹಲಗೆ ಮೇಲೆ 1/4 ಬರೆದರೆ ಮುಖ ಕಪ್ಪಾಗುತ್ತದೆ. “ಪಾವ್ ಕಿಲೋ” ಅನ್ನು, “ಇನ್ನೂರಾ ಐವತ್ ಗ್ರಾಮ್” ಅಂತ ನಾಲ್ಕು ಕಡೆಯಿಂದ ಕೂಗುತ್ತಾರೆ.

ಎಲ್ಲ ಹೀಗೇ ಚೆಂದ ನಡೆಯುತ್ತದೆ ಅಂದುಕೊಳ್ಳಬೇಡ. ಕೆಲವು ದಿನ ಐದು ತಟ್ಟೆಯಲ್ಲೂ ಐದು ಜಗಳ. ಒಂದನೇ ತಟ್ಟೆಯಲ್ಲಿ ಕೂತಾಗಲೇ ಹಾಜರಿ, ಊಟ, ಹಾಲು, ಮೊಟ್ಟೆ ಎಲ್ಲದರ ಲೆಕ್ಕ ಮೊಬೈಲಿನಲ್ಲಿ ತುಂಬಬೇಕು. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ. ನಾನು ಅಲ್ಲಿ ಕೈ ಮೇಲೆತ್ತಿ ನಿಂತಿದ್ದಾಗ ಇಲ್ಲಿ ಮಕ್ಕಳು ತಾವೇ ಕಲಿಯುತ್ತಿರುತ್ತಾರೆ ಅಂತ ಲೆಕ್ಕ. ಇನ್ನು ಭೇಟಿಗೆ ಬಂದವರೊಬ್ಬರು, “ಏನ್ರೀ ಇಷ್ಟು ಗದ್ದಲ, ಮಕ್ಕಳನ್ನ ಸುಮ್ನೆ ಕೂಡಸ್ರಿ” ಅಂದು ಹೋದರು. ನಲಿ ಕಲಿ ಕೋಣೆ ಸುಮ್ಮನಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ. ಅವರಿಗೆ ಹೇಳಲು ಧೈರ್ಯ ಬರಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಮೊಟ್ಟೆ ಅಂದೆನಲ್ಲ. 2002ರಲ್ಲಿ ಬಿಸಿಯೂಟ ಶುರುವಾದಾಗ ಮೊದಲ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಈಗ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಅಂತ ಮೂರನೇ ತರಗತಿಯವರೇ ಚೌಕ ಬಿಡಿಸಿ ಬಣ್ಣ ಹಚ್ಚಿ ಅಡುಗೆಯವರಿಗೆ ಕೊಡುತ್ತಾರೆ. ಸ್ತಂಭ ನಕ್ಷೆ ಅಂತ ಅದಕ್ಕೊಂದು ಹೆಸರಿದೆ ಅಂತ ಇನ್ನೂ ಹೇಳಿಲ್ಲ.

ದೀಪಾವಳಿಗೆ ಊರಿಗೆ ಬರುತ್ತೀಯಲ್ಲ, ಮಗಳನ್ನೂ ಕರೆದುಕೊಂಡು ಬಾ. ಆ ಕಾರ್ಡಿನ ಮುಂದೆ ನಿಲ್ಲಿಸಿ ಕೇಳೋಣ. ಆನಿಯನ್ ಅಂದರೂ ಅನ್ನಬಹುದು, ಕೆಳಗೆ ‘ಆ’ ಬರೆಯಲು ಜಾಗ ಇದೆ. ಆದರೆ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಾ. ಹಬ್ಬ ಮುಗಿದರೆ ಕಾಂದಾ ಹುಡುಗಿ ಸಿಗುವುದಿಲ್ಲ.

ಬರುವಾಗ ನಿನ್ನ ಆಫೀಸಿನ ಒಂದೇ ಬದಿ ಪ್ರಿಂಟ್ ಆದ ಕಾಗದ ಎಷ್ಟು ಸಿಗುತ್ತೋ ಅಷ್ಟು ತೊಗೊಂಡು ಬಾ. ಸ್ಕೆಚ್ ಪೆನ್ ಬೇಡ, ಎರಡೇ ದಿನಕ್ಕೆ ಒಣಗುತ್ತವೆ. ಮೇಣದ ಬಣ್ಣ ಇದ್ದರೆ ನಡೆಯುತ್ತದೆ. ವೈನಿಗೆ ನಮಸ್ಕಾರ ಹೇಳು.

ನಿನ್ನ,
ಮಾಸ್ತರ